ಗೊಂಬೆಗಳ ನಡುವೆ ಅಜ್ಜನ ದವಡೆ

"ಚಿತ್ರಾನ್ನ ಮಾಡಾಕ ಹತ್ತೀಯೋ, ಪತ್ತೇದಾರಿಕಿ ಮಾಡಾಕ ಹತ್ತೀಯೋ? ಯಾವುದರ ಒಂದು ಹೇಳು, ನನಗ ಹಸಿವಾಗೇತಿ."

ನಮ್ಮ ಯಜಮಾನರು ಬಸವಂತಪ್ಪ ಅಡುಗೆಮನೆಯ ಬಾಗಿಲಿಗೆ ಒರಗಿ ಕೇಳಿದರು. ನನ್ನ ಎಡಗೈಯಲ್ಲಿ ಒಂದು ದವಡೆ ಇತ್ತು, ಬಲಗೈಯಲ್ಲಿ ಅರ್ಧ ನಿಂಬೆಹಣ್ಣು.

ನಿಂಬೆಹಣ್ಣು ನಿನ್ನೆ ಆಯುಧಪೂಜೆಗೆ ಕಾರಿನ ಗಾಲಿಗಳ ಕೆಳಗೆ ಇಟ್ಟು ಉಳಿದದ್ದು. ದವಡೆ ಪ್ಲಾಸ್ಟರಿನದು. ಪ್ಲಾಸ್ಟರ್ ನನಗೆ ಹೊಸದಲ್ಲ. ನಾನು ಹಲ್ಲಿನ ಡಾಕ್ಟರು, ಹೆಸರು ಮಹಾದೇವಕ್ಕ, ಊರು ಗದಗ, ಕ್ಲಿನಿಕ್ಕು ಅಟ್ಲಾಂಟಾದ ಹೊರವಲಯದಲ್ಲಿ. ಬೆಳಗಾದರೆ ಪ್ಲಾಸ್ಟರ್ ಕಲಸಿ ಜನರ ಹಲ್ಲಿನ ಅಚ್ಚು ತೆಗೆಯುವವಳು. ಪತ್ತೇದಾರಿಕೆ ನನ್ನ ಎರಡನೆಯ ಕಸುಬು. ಅದಕ್ಕೆ ಯಾರೂ ಫೀಸು ಕೊಡುವುದಿಲ್ಲ, ಆದರೂ ನನಗೆ ಅದೇ ಹೆಚ್ಚು ಇಷ್ಟ.

ಗುರುವಾರ ಯೂನಿವರ್ಸಿಟಿಯ ಲ್ಯಾಬಿನಲ್ಲಿ ಬೀಗ ಹಾಕಿದ ಬೀರು ತೆರೆದಾಗ ಐವತ್ತು ಸಾವಿರ ವರ್ಷದ ನಿಯಾಂಡರ್ಥಾಲ್ ಆದಿಮಾನವನ ಅಸಲಿ ದವಡೆ ಮಾಯವಾಗಿತ್ತು, ಅದರ ಡಬ್ಬಿಯಲ್ಲಿ ಈ ನಕಲಿ ಮಲಗಿತ್ತು.

ಬೀರುವಿನ ಕೀ ಇದ್ದದ್ದು ಇಬ್ಬರ ಬಳಿ. ಒಬ್ಬರು ಪ್ರೊಫೆಸರ್ ಹಾಲಿಸ್. ಇನ್ನೊಬ್ಬ ಅವರ ಕೈಕೆಳಗಿನ ಸಂಶೋಧಕ, ಮೈಸೂರಿನ ಮುರಳೀಧರ. ದವಡೆ ವಾಷಿಂಗ್ಟನ್ನಿನ ಮ್ಯೂಸಿಯಮ್ಮಿನಿಂದ ಎರವಲು ತಂದದ್ದು. ಸೋಮವಾರ ಮ್ಯೂಸಿಯಮ್ಮಿನ ಹೆಂಗಸು ಫ್ಲೈಟಿನಲ್ಲಿ ಬಂದು ಅದನ್ನು ವಾಪಸ್ ಒಯ್ಯಬೇಕು. ಅಷ್ಟರೊಳಗೆ ಸಿಗದಿದ್ದರೆ ಮುರಳೀಧರನ ಕೆಲಸ ಹೋಗುತ್ತದೆ, ಕೆಲಸದ ಹಿಂದೆ ವೀಸಾ ಹೋಗುತ್ತದೆ, ಗಂಡಹೆಂಡತಿ ಗಂಟುಮೂಟೆ ಕಟ್ಟಬೇಕಾಗುತ್ತದೆ.

"ನೋಡ್ರಿ ಇಲ್ಲಿ," ಎಂದೆ. "ಈ ಎರಡು ದವಡಿಹಲ್ಲಿನ ಸಂದ್ಯಾಗ ಕೆಂಪಗ ಏನೋ ಐತಿ."

"ಪ್ರೊಫೆಸರ್ ಹೇಳಿದ್ರಲ್ಲ, ಕೆಮ್ಮಣ್ಣು ಅಂತ."

ಹೌದು, ಹೇಳಿದ್ದರು. ನಾನು ಪ್ಲಾಸ್ಟರ್ ಬಲ್ಲವಳು ಎಂದು ದವಡೆಯನ್ನು ಒಂದು ದಿನಕ್ಕೆ ನನಗೆ ಕೊಡುವಾಗ, ಲ್ಯಾಬಿನಲ್ಲಿ ಅಚ್ಚುಗಳಿಗೆ ಬಣ್ಣ ಬಳಿಯುವುದೇ ಕೆಮ್ಮಣ್ಣಿನಿಂದ, ನಿಯಾಂಡರ್ಥಾಲರೂ ಕೆಮ್ಮಣ್ಣು ಬಳಸುತ್ತಿದ್ದರು ಎಂದು ಉದ್ದಕ್ಕೆ ಪಾಠ ಹೇಳಿದ್ದರು. ದೊಡ್ಡ ವಿದ್ವಾಂಸರು. ಆದರೆ ಅವರ ಮನೆಯಲ್ಲಿ ಯಾರೂ ಹಣೆಗೆ ಏನನ್ನೂ ಇಟ್ಟುಕೊಳ್ಳುವುದಿಲ್ಲವಲ್ಲ, ಪಾಪ.

ಹತ್ತಿಯ ಕಡ್ಡಿಗೆ ಆ ಕೆಂಪನ್ನು ಒರೆಸಿಕೊಂಡು, ಮೇಲೆ ಒಂದು ಹನಿ ನಿಂಬೆರಸ ಬಿಟ್ಟೆ.

ಕೆಂಪು ನಿಧಾನವಾಗಿ ಹಳದಿಗೆ ತಿರುಗಿತು.

"ಅರೇ!" ಎಂದು ಬಸವಂತಪ್ಪ ಹಸಿವು ಮರೆತು ಬಗ್ಗಿದರು. "ಇದೇನ ಜಾದೂ?"

"ಜಾದೂ ಅಲ್ರೀ, ಅರಿಶಿಣ. ಮಣ್ಣಿಗೆ ನಿಂಬಿಹಣ್ಣು ಹಿಂಡಿದ್ರ ಮಣ್ಣು ಮಣ್ಣಾಗೇ ಇರತೈತಿ. ಅಂಗಡಿ ಕುಂಕುಮನೂ ಬದಲಾಗಂಗಿಲ್ಲ, ಅದು ಬರೇ ಬಣ್ಣದ ಪುಡಿ. ಅರಿಶಿಣಕ್ಕ ಸುಣ್ಣ ಕೂಡಿಸಿ ಮನ್ಯಾಗ ಮಾಡಿದ ಕುಂಕುಮ ಮಾತ್ರ ಹುಳಿ ಬಿದ್ದ ಕೂಡ್ಲೇ ಮತ್ತ ಹಳದಿ ಆಗತೈತಿ."

"ಈ ಅಟ್ಲಾಂಟಾದಾಗ ಮನ್ಯಾಗ ಮಾಡಿದ ಕುಂಕುಮ ಯಾರ ಹತ್ರ ಐತಿ?"

"ಮೈಥಿಲಿ ಹತ್ರ. ಆಕಿ ಅತ್ತಿ ಪ್ರತಿ ವರ್ಷ ಮೈಸೂರಿಂದ ಕಳಸ್ತಾರ. ಕನ್ನಡ ಕೂಟದ ಹೆಣ್ಮಕ್ಕಳೆಲ್ಲಾ ಅದರ ಸಲುವಾಗೇ ಆಕಿ ಮನಿಗೆ ಹೋಗ್ತೇವಿ."

ಮೈಥಿಲಿ ಮುರಳೀಧರನ ಹೆಂಡತಿ. ನನ್ನನ್ನು ಈ ಕೇಸಿಗೆ ಕರೆದವಳೂ ಅವಳೇ. ಗುರುವಾರ ಮಧ್ಯಾಹ್ನ ಫೋನಿನಲ್ಲಿ ಅತ್ತು ಅತ್ತು, "ಆಂಟಿ, ನೀವೇ ಏನಾದ್ರೂ ಮಾಡಿ, ನಮ್ಮನೆಯವರು ಇರುವೆ ಮೇಲೂ ಕಾಲಿಡಲ್ಲ" ಎಂದಿದ್ದಳು. ಅವಳ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸಿದ್ದಾಳೆ. ಈ ವರ್ಷ ಮೆಟ್ಟಿಲುಗಳ ಪಕ್ಕದಲ್ಲಿ, ಎಲ್ಲರೂ ಗೊಂಬೆಗಳ ಪಾರ್ಕು ಜೋಡಿಸುವ ಜಾಗದಲ್ಲಿ, ಗಂಡನ ಲ್ಯಾಬಿನಿಂದ ತಂದ ನಕಲಿ ತಲೆಬುರುಡೆ, ದವಡೆಗಳನ್ನು ಜೋಡಿಸಿ ಆದಿಮಾನವರ ಗುಹೆ ಮಾಡಿದ್ದಾಳೆ. ಮೊದಲ ದಿನ ಎಲ್ಲ ಗೊಂಬೆಗಳ ಜೊತೆ ಅವುಗಳಿಗೂ ಕುಂಕುಮ ಹಚ್ಚಿದ್ದಾಳೆ.

ಹಾಗಾದರೆ ನನ್ನ ಕೈಯಲ್ಲಿರುವ ಈ ದವಡೆ ಆ ಗುಹೆಯದು. ಗೊಂಬೆಯ ಮನೆಯಿಂದ ಲ್ಯಾಬಿನ ಬೀರುವಿಗೆ ಹೋಗಿದೆ.

ಆದರೆ ನಿನ್ನೆ ಮುರಳೀಧರ ನನಗೆ ಹೇಳಿದ್ದೇನು? "ಮನೇಲಿರೋ ಅಚ್ಚು ಎಲ್ಲಾ ಇದ್ದಲ್ಲೇ ಇದೆ ಡಾಕ್ಟ್ರೇ, ಒಂದೂ ಕಡಿಮೆ ಆಗಿಲ್ಲ."

ಒಂದೂ ಕಡಿಮೆಯಾಗಿಲ್ಲ! ಅಂದರೆ ಗುಹೆಯಲ್ಲಿ ಈಗಲೂ ಒಂದು ದವಡೆ ಇದೆ. ನಕಲಿ ಇಲ್ಲಿದ್ದರೆ ಅಲ್ಲಿರುವುದು ಯಾವುದು?

"ಕಾರ್ ತಗೀರಿ!" ಎಂದು ಕೂಗಿದೆ.

"ಊಟ?"

"ಅಲ್ಲೇ ಉಸಳಿ ತಿನ್ನೂಣು, ನಡೀರಿ!"

ನಮ್ಮವರು ಸೇತುವೆ ಡಿಸೈನ್ ಮಾಡುವ ಎಂಜಿನಿಯರು. ಸೇತುವೆ ಬಂದಾಗಲೆಲ್ಲ ಕಾರು ನಿಧಾನ ಮಾಡಿ ಕಂಬಗಳನ್ನು ನೋಡುತ್ತಾರೆ. ಟೂ ಎಯ್ಟಿಫೈವ್ ರಸ್ತೆಯ ಮೇಲೆ, ಬಾನೆಟ್ಟಿಗೆ ಸೇವಂತಿಗೆ ಹಾರ ಕಟ್ಟಿಕೊಂಡ ನಮ್ಮ ಕ್ಯಾಮ್ರಿ ಕಾರನ್ನು ಎಲ್ಲರೂ ಹಿಂದೆ ಹಾಕಿ ಹೋದರು. ಒಬ್ಬ ಟ್ರಕ್ಕಿನವನು ಹಾರ್ನ್ ಹೊಡೆದು ಕೈಬೀಸಿದ. ಮದುವೆಯ ಕಾರು ಅಂದುಕೊಂಡಿರಬೇಕು. ಬಸವಂತಪ್ಪ ಅವನಿಗೆ ಕೈಬೀಸಿ, "ಇಪ್ಪತ್ತೆಂಟು ವರ್ಷ ಆತೋ ತಮ್ಮಾ!" ಎಂದು ಕೂಗಿದರು. ನನಗೆ ನಗುವೂ ಬಂತು, ಸಿಟ್ಟೂ ಬಂತು.

"ಸ್ವಲ್ಪ ಜೋರಾಗಿ ಹೊಡೀರಿ. ದಸರಾ ಮುಗಿಯೂದ್ರಾಗ ಮುಟ್ಟಬೇಕು."

"ಆತ, ಆತ. ಕಳ್ಳ ಯಾರು ಅಂತೀ?"

"ಪ್ರೊಫೆಸರ್ ಇರಬಹುದು. ಜುಲೈದಾಗ ಜರ್ಮನಿಯವರು ನಿಯಾಂಡರ್ಥಾಲ್ ಎಲುಬಿಂದ ಡಿಎನ್ಎ ತಗದ್ರಲ್ಲ, ಆವಾಗಿಂದ ಅವರಿಗೆ ನಿದ್ದಿ ಇಲ್ಲ. ಈ ದವಡಿ ಹಲ್ಲಿಗೆ ಡ್ರಿಲ್ ಹಾಕಿ ಪುಡಿ ತಗೀಬೇಕು ಅಂತಾರ. ಮ್ಯೂಸಿಯಂನವರು ಬ್ಯಾಡ ಅಂದಾರ."

"ಡ್ರಿಲ್ ಹಾಕಿದ್ರ ಏನ ಗೊತ್ತಾಗತೈತಿ?"

"ಅಂವ ನಮ್ಮ ಅಜ್ಜನೋ, ಅಜ್ಜನ ದಾಯಾದಿಯೋ ಅಂತ. ಜರ್ಮನಿಯವರು ದಾಯಾದಿ ಅಂದಾರ. ಮುರಳೀಧರ ಇನ್ನೂ ಅಜ್ಜ ಅಂತ ಹಟ ಹಿಡದಾನ."

"ಎರಡನೇಯಾಂವ ಯಾರು?"

"ತ್ಯಾಗರಾಜ. ಲ್ಯಾಬ್‌ನ ಕಂಪ್ಯೂಟರ್ ಹುಡುಗ, ಎಕ್ಸ್‌ರೇ ಕೂಡಿಸಿ ಬುರುಡೆ ಚಿತ್ರ ಮಾಡ್ತಾನಲ್ಲ. ಕೀ ಇಲ್ಲ, ಆದ್ರ ಮುರಳೀಧರನ ಮೇಜಿನ ಬಾಜೂಕ ಅವನ ಮೇಜು. ಗೊಂಬಿ ನೋಡಾಕ ದಿನಾ ಬರ್ತಾನಂತ."

"ಅಂವ ಬರೂದು ಉಸಳಿಗೆ," ಎಂದರು ಬಸವಂತಪ್ಪ. ಈ ವಿಷಯದಲ್ಲಿ ಅವರ ಮಾತಿಗೆ ಬೆಲೆ ಕೊಡಬೇಕಾಗುತ್ತದೆ.

ಪ್ರೊಫೆಸರ್ ಹೆಸರು ಹೇಳಿದೆನಾದರೂ ನನ್ನ ತಲೆಯಲ್ಲಿ ಬೇರೆಯೇ ಒಂದು ವಿಚಾರ ಗುಂಯ್‌ಗುಡುತ್ತಿತ್ತು. ಕಳ್ಳ ಯಾರೇ ಆಗಿರಲಿ, ನಮ್ಮವನೇ. ಅಮೆರಿಕದವನಿಗೆ ಇದು ಹೊಳೆಯುವುದಿಲ್ಲ. ಗೊಂಬೆ ಕೂರಿಸಿದ ಮೇಲೆ ವಿಜಯದಶಮಿಯ ಆರತಿಯಾಗಿ ಪಟ್ಟದ ಗೊಂಬೆಯನ್ನು ಮಲಗಿಸುವ ತನಕ ಯಾರೂ ಒಂದು ಗೊಂಬೆಯನ್ನೂ ಕದಲಿಸುವುದಿಲ್ಲ. ಬಂದವರೆಲ್ಲ ನೋಡುತ್ತಾರೆ, ಹೊಗಳುತ್ತಾರೆ, ಯಾರೂ ಮುಟ್ಟುವುದಿಲ್ಲ. ಇದಕ್ಕಿಂತ ಭದ್ರವಾದ ಲಾಕರ್ ಯಾವ ಬ್ಯಾಂಕಿನಲ್ಲಿದೆ?

ಇಂದು ವಿಜಯದಶಮಿ. ಸಂಜೆ ಗೊಂಬೆಗಳು ಮಲಗುತ್ತವೆ. ಆಮೇಲೆ ಲಾಕರಿನ ಬಾಗಿಲು ತೆರೆದ ಹಾಗೆಯೇ.

ಡೆಕೇಟರಿನಲ್ಲಿ ಮೈಥಿಲಿಯ ಟೌನ್‌ಹೌಸಿನ ಬಾಗಿಲು ತೆಗೆದವನು ತ್ಯಾಗರಾಜ. ಕಂಕುಳಲ್ಲಿ ಬಬಲ್ ರ‍್ಯಾಪಿನ ದೊಡ್ಡ ಸುರುಳಿ, ಕೈಯಲ್ಲಿ ಉಸಲಿಯ ತಟ್ಟೆ.

"ಬನ್ನಿ ಆಂಟಿ, ಬನ್ನಿ ಅಂಕಲ್! ಇವತ್ತು ಕಡ್ಲೆಕಾಳು ಉಸಲಿ, ಸೂಪರ್ ಆಗಿದೆ. ಪ್ಯಾಕಿಂಗ್‌ಗೆ ಹೆಲ್ಪ್ ಮಾಡೋಣ ಅಂತ ಬಂದೆ."

"ಗೊಂಬಿ ತಗಿಯೂದು ನಾಳೆ. ಇವತ್ತ ಯಾಕ ಬಂದಿ?"

"ಅಡ್ವಾನ್ಸ್ ಹೆಲ್ಪ್, ಆಂಟಿ!"

ಹಲ್ಲು ಕಿರಿದ. ಮೇಲಿನ ಎಡಗಡೆ ಕೋರೆಹಲ್ಲು ಸೊಟ್ಟ. ಎರಡು ವರ್ಷದಿಂದ ತಂತಿ ಹಾಕಿಸಿಕೋ ಎಂದರೆ ಕೇಳುತ್ತಿಲ್ಲ. ಅದು ಬಿಟ್ಟರೆ ಅವನ ಮುಖದಲ್ಲಿ ನನಗೆ ಅಪರಾಧ ಏನೂ ಕಾಣಲಿಲ್ಲ. ಆದರೂ ಬಬಲ್ ರ‍್ಯಾಪನ್ನು ಮನಸ್ಸಿನಲ್ಲಿಟ್ಟುಕೊಂಡೆ.

ಒಳಗೆ ಮುರಳೀಧರ ರೇಷ್ಮೆ ಪಂಚೆಯ ಮೇಲೆ ಯೂನಿವರ್ಸಿಟಿಯ ಸ್ವೆಟ್‌ಶರ್ಟ್ ತೊಟ್ಟು ಸೋಫಾದ ತುದಿಯಲ್ಲಿ ಕೂತಿದ್ದ. ಎರಡು ದಿನದಲ್ಲಿ ಇಳಿದು ಹೋಗಿದ್ದ. ಮೈಥಿಲಿ ಬಣ್ಣದ ಜರಿ ಸೀರೆ ಉಟ್ಟಿದ್ದಳು, ಆದರೆ ಕಣ್ಣು ಕೆಂಪಗಿದ್ದವು. ಹಬ್ಬದ ದಿನ ಹೀಗೆ ಕೂರುವಂತಾಗಬಾರದು ಯಾರಿಗೂ.

"ಏನಾದ್ರೂ ಗೊತ್ತಾಯ್ತಾ ಆಂಟಿ?" ಎಂದು ಕೇಳಿದಳು.

"ಗೊತ್ತಾಗೂದೈತಿ. ಮೊದ್ಲ ಗೊಂಬಿ ನೋಡ್ತೇನಿ."

ಮೆಟ್ಟಿಲ ಮೇಲೆ ಪಟ್ಟದ ರಾಜ, ರಾಣಿ. ಕೆಳಗೆ ಅಂಗಡಿ ಹಾಕಿಕೊಂಡ ಶೆಟ್ಟಿ, ಶೆಟ್ಟಮ್ಮ. ಪಕ್ಕದಲ್ಲಿ ನೆಲದ ಮೇಲೆ ಕಂದು ಕಾಗದ ಮುದುಡಿ ಮಾಡಿದ ಗುಹೆ, ಅದರ ಮುಂದೆ ಟ್ರೇಯಲ್ಲಿ ಬೆಳೆಸಿದ ಸಾಸಿವೆ ಪೈರು. ಪೈರಿನ ನಡುವೆ ಎರಡು ಬಾರ್ಬಿ ಗೊಂಬೆಗಳು ಚರ್ಮದ ತುಂಡು ಸುತ್ತಿಕೊಂಡು ಪ್ಲಾಸ್ಟಿಕ್ ಆನೆಯನ್ನು ಬೇಟೆಯಾಡುತ್ತಿದ್ದವು. ಗುಹೆಯ ಬಾಯಲ್ಲಿ ಸಾಲಾಗಿ ಬುರುಡೆಗಳು. ಮುಂದೆ ದೀಪದ ಬೆಳಕಿಗೆ ಒಂದು ದವಡೆ, ಮೂತಿಗೆ ಒಂದು ಬೊಟ್ಟು ಕುಂಕುಮ.

ಮೊಣಕಾಲೂರಿ ಕೂತೆ. ಗದ್ದವೇ ಇಲ್ಲದ ದವಡೆ. ನಮಗೆಲ್ಲ ಮುಂದಕ್ಕೆ ಚಾಚುವ ಗದ್ದ ಇರುತ್ತದಲ್ಲ, ಅದು ನಿಯಾಂಡರ್ಥಾಲರಿಗಿಲ್ಲ, ಮೂಳೆ ನೇರ ಹಿಂದಕ್ಕೆ ಜಾರುತ್ತದೆ. ಕೊನೆಯ ಹಲ್ಲಿನ ಹಿಂದೆ ಇನ್ನೊಂದು ಹಲ್ಲು ಹಿಡಿಸುವಷ್ಟು ಜಾಗ ಖಾಲಿ. ಇಂಥ ದವಡೆ ನನ್ನ ರೋಗಿಗಳಿಗೆಲ್ಲ ಇದ್ದಿದ್ದರೆ ಬುದ್ಧಿಹಲ್ಲು ಕೀಳುವ ಕೆಲಸವೇ ಇರುತ್ತಿರಲಿಲ್ಲ, ನಾನು ಎಂದೋ ಕ್ಲಿನಿಕ್ಕು ಮುಚ್ಚುತ್ತಿದ್ದೆ.

ಆದರೆ ಇದೆಲ್ಲ ನಕಲಿಯಲ್ಲೂ ಇರುತ್ತದೆ. ಅಚ್ಚು ಅಂದರೆ ಅಚ್ಚೇ.

"ಮೈಥಿಲಿ, ಆ ದವಡಿ ಸ್ವಲ್ಪ ನನ್ನ ಕೈಯಾಗ ಕೊಡು."

"ಅಯ್ಯೋ ಆಂಟಿ, ಆಗಲ್ಲ! ಆರತಿ ಆಗೋವರ್ಗೂ ಒಂದನ್ನೂ ಮೂವ್ ಮಾಡೋ ಹಾಗಿಲ್ಲ."

"ಒಂದ ನಿಮಿಷ."

"ಒಂದು ಸೆಕೆಂಡೂ ಇಲ್ಲ. ನಮ್ಮತ್ತೆ ದಿನಾ ಫೋನ್ ಮಾಡಿ ಚೆಕ್ ಮಾಡ್ತಾರೆ. ಇವ್ರ ಕೆಲ್ಸ ಉಳೀಲಿ ಅಂತ ಹರಕೆ ಬೇರೆ ಹೊತ್ತಿದ್ದೀನಿ. ಇವತ್ತೊಂದು ದಿನಕ್ಕೆ ನಾನು ಕೆಡಿಸಿಕೊಳ್ಳಲ್ಲ."

"ಕೈಯಿಂದ ಮುಟ್ಟಬಾರದು. ಅಷ್ಟ ಹೌದಿಲ್ಲೋ?"

"ಹೌದು."

ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಬಗ್ಗಿ, ದವಡೆಯ ಕೆಳಗಿನ ಅಂಚಿಗೆ ನಾಲಿಗೆ ಇಟ್ಟೆ.

"ಆಂಟೀ! ಎಂಜಲು!" ಎಂದು ಮೈಥಿಲಿ ಚೀರಿದಳು. ತ್ಯಾಗರಾಜನಿಗೆ ಕಡಲೆಕಾಳು ನೆತ್ತಿಗೆ ಹತ್ತಿತು. ಬಸವಂತಪ್ಪ ಅವನ ಬೆನ್ನು ಗುದ್ದತೊಡಗಿದರು.

ಇದು ನನ್ನ ಹುಚ್ಚಲ್ಲ. ನೆಲ ಅಗೆದು ಮೂಳೆ ಹುಡುಕುವವರೆಲ್ಲ ಹೀಗೆ ಮಾಡುತ್ತಾರೆ ಎಂದು ಹಿಂದೊಮ್ಮೆ ಮುರಳೀಧರನೇ ನನಗೆ ಹೇಳಿದ್ದ. ಬಣ್ಣ ಬಳಿದು ವಾರ್ನಿಷ್ ಹೊಡೆದ ಪ್ಲಾಸ್ಟರಿನ ಮೇಲೆ ನಾಲಿಗೆ ಜಾರುತ್ತದೆ. ಹಳೆಯ ಮೂಳೆಗೆ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ, ಅವು ನಾಲಿಗೆಯ ಪಸೆ ಹೀರಿ ಅದನ್ನು ಹಿಡಿದುಕೊಳ್ಳುತ್ತವೆ.

ನನ್ನ ನಾಲಿಗೆ ಅಂಟಿಕೊಂಡಿತು. ಬಿಡಿಸಿಕೊಳ್ಳಲು ಸ್ವಲ್ಪ ಎಳೆಯಬೇಕಾಯಿತು.

"ಅಸಲಿ!" ಎಂದು ಎದ್ದು ನಿಂತೆ. ಖುಷಿಗೆ ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ಇದು ಅಸಲಿ ಐತಿ! ಐವತ್ತು ಸಾವಿರ ವರ್ಷದ ಅಜ್ಜ ಇಲ್ಲೇ ಕುಂತಾನ!"

ಮೈಥಿಲಿ ಬಾಯಿ ತೆರೆದು ನಿಂತಳು. ತ್ಯಾಗರಾಜ ಕೆಮ್ಮುವುದನ್ನೂ ನಿಲ್ಲಿಸಿದ. ಬಸವಂತಪ್ಪ ಕೈಚಪ್ಪಾಳೆ ತಟ್ಟಿದರು. ಮೂವರೂ ದವಡೆಯನ್ನು ನೋಡುತ್ತಿದ್ದರು.

ಮುರಳೀಧರ ಮಾತ್ರ ನೆಲ ನೋಡುತ್ತಿದ್ದ.

ಕೆಲಸ ಉಳಿಯಿತೆಂದು ಕುಣಿಯಬೇಕಾದವನು ನೆಲ ನೋಡುತ್ತಾನೆಯೇ?

"ಮುರಳೀಧರ," ಎಂದೆ. "ತಲಿ ಎತ್ತು."

ಎತ್ತಲಿಲ್ಲ.

"ಮನ್ಯಾಗಿನ ಅಚ್ಚು ಇದ್ದಲ್ಲೇ ಐತಿ ಅಂತ ನನಗ ಹೇಳಿದಿ. ಆ ಅಚ್ಚು ನನ್ನ ಅಡಗಿಮನ್ಯಾಗ ಐತಿ, ನಿಮ್ಮ ಅವ್ವ ಮಾಡಿದ ಕುಂಕುಮ ಹಚಗೊಂಡು. ನನ್ನ ಕರದಾಕಿ ಮೈಥಿಲಿ. ನೀ ಕರೀಲಿಲ್ಲ. ಯಾಕ ಕರೀಲಿಲ್ಲ?"

"ಡಾಕ್ಟ್ರೇ, ಪ್ಲೀಸ್..."

"ಯಾಕ ಕರೀಲಿಲ್ಲ ಅಂತ ಕೇಳಾಕ ಹತ್ತೇನಿ."

"ಯಾಕೆ ಅಂದ್ರೆ ಇಟ್ಟಿದ್ದು ನಾನೇ!"

ಒಮ್ಮೆ ಬಾಯಿ ಬಿಟ್ಟ ಮೇಲೆ ಅವನು ನಿಲ್ಲಲಿಲ್ಲ. ಕಳೆದ ಭಾನುವಾರ ಪ್ರೊಫೆಸರ್ ಫೋನ್ ಮಾಡಿ, ಗುರುವಾರ ಡ್ರಿಲ್ ತರಿಸುತ್ತೇನೆ, ಮ್ಯೂಸಿಯಮ್ಮಿಗೆ ಹೇಳುವುದು ಬೇಡ, ಒಂದು ಸಣ್ಣ ತೂತು ಯಾರಿಗೆ ಕಾಣುತ್ತದೆ ಎಂದರಂತೆ. ಎರವಲಿನ ಹೊಣೆಗೆ ಸಹಿ ಹಾಕಿದವನು ಮುರಳೀಧರ. ತೂತು ಕಂಡರೆ ಹೋಗುವುದು ಅವನ ಕೆಲಸ.

"ಬೇಡ ಸರ್ ಅಂದೆ. ನಕ್ಕುಬಿಟ್ರು. ಅದಕ್ಕೆ ಸೋಮವಾರ ಬೆಳಿಗ್ಗೆ ಇಲ್ಲಿನ ಅಚ್ಚು ತಗೊಂಡ್ಹೋಗಿ ಬೀರುಲಿಟ್ಟು, ಅಜ್ಜನ್ನ ಮನೆಗೆ ತಂದೆ. ಬರೋ ಸೋಮವಾರ ಡೈರೆಕ್ಟಾಗಿ ಮ್ಯೂಸಿಯಂ ಲೇಡಿ ಕೈಗೇ ಕೊಡೋ ಪ್ಲಾನ್. ಗುರುವಾರ ಇಷ್ಟು ದೊಡ್ಡ ಗಲಾಟೆ ಆಗುತ್ತೆ ಅಂತ ನಂಗೇನ್ ಗೊತ್ತು?"

"ಹೆಂಗ ತಂದಿ?"

"ಮೊಸರನ್ನದ ಡಬ್ಬೀಲಿ. ತೊಳೆದು, ಒರೆಸಿ, ಟಿಶ್ಯೂ ಹಾಕಿ."

"ಕುಂಕುಮ?"

"ನಾನೇ ಹಚ್ಚಿದೆ. ಇಲ್ದಿದ್ರೆ ಇವಳಿಗೆ ಡೌಟ್ ಬರ್ತಿತ್ತು."

ಮೈಥಿಲಿ ಈಗ ಸೆರಗು ಸಿಕ್ಕಿಸಿಕೊಂಡಳು.

"ರೀ! ಕೂರಿಸಿದ ಗೊಂಬೇನ ಮಧ್ಯದಲ್ಲಿ ಎತ್ತಿದ್ರಾ? ಆ ಜಾಗದಲ್ಲಿ ನಿಜವಾದ ಹೆಣದ ಮೂಳೆ ಇಟ್ರಾ? ಇಷ್ಟು ದಿನ ನಾನು ಅದಕ್ಕೆ ಆರತಿ ಎತ್ತಿದ್ದೀನಾ?"

"ಹೆಣ ಅಲ್ವೇ, ಫಾಸಿಲ್..."

"ಫಾಸಿಲ್ ಅಂತೆ! ಅದೂ ನಮ್ಮ ಮೊಸರನ್ನದ ಡಬ್ಬೀಲಿ! ನಿನ್ನೆ ಅದ್ರಲ್ಲೇ ಪಾಯಸ ಹಾಕಿ ಪಕ್ಕದ್ಮನೆಗೆ ಕಳಿಸಿದ್ದೀನಿ!"

"ತಂಗಿ, ಸಮಾಧಾನ," ಎಂದು ಬಸವಂತಪ್ಪ ನಡುವೆ ಬಂದರು. "ಐವತ್ತು ಸಾವಿರ ವರ್ಷ ಆದ ಮ್ಯಾಲ ಸೂತಕ ಎಲ್ಲಿ ಉಳದಿರತೈತಿ? ಅದೂ ಅಲ್ದ ಅಂವ ನಿಮ್ಮ ದಾಯಾದಿ ಅಂತ ಪ್ರೂವ್ ಆದ್ರಲ್ಲ ಸೂತಕದ ಮಾತು."

ತ್ಯಾಗರಾಜ ಮೊದಲು ನಕ್ಕ. ಆಮೇಲೆ ಮುರಳೀಧರ ಹೆದರಿ ಹೆದರಿ ನಕ್ಕ. ಮೈಥಿಲಿ ತುಟಿ ಕಚ್ಚಿ ಹಿಡಿದು ನೋಡಿದಳು, ಆಗಲಿಲ್ಲ, ಅವಳಿಗೂ ನಗು ಬಂತು. ನಗುತ್ತಲೇ ಅತ್ತಳು, ಅಳುತ್ತಲೇ ಗಂಡನ ತೋಳಿಗೆ ಒಂದು ಗುದ್ದಿದಳು. "ಒಂದು ಮಾತು ಹೇಳ್ಬಾರ್ದಿತ್ತಾ ನಂಗೆ?" ಎಂದಳು. ನನಗೆ ಎಂಥ ಸಂತೋಷವಾಯಿತೆಂದರೆ, ಉಸಲಿಯ ಪಾತ್ರೆಯನ್ನೇ ಎತ್ತಿಕೊಂಡು ಬಂದು ಎಲ್ಲರಿಗೂ ಬಡಿಸಿದೆ.

ಸೋಮವಾರದ ಪ್ಲಾನೂ ಅಲ್ಲೇ ಆಯಿತು. ಮುರಳೀಧರ ಮ್ಯೂಸಿಯಮ್ಮಿನ ಹೆಂಗಸಿಗೆ ದವಡೆಯನ್ನು ಕೊಟ್ಟು ನಡೆದದ್ದೆಲ್ಲ ಹೇಳುವುದು. ದವಡೆಗೆ ಒಂದು ಗೀರೂ ಬಿದ್ದಿಲ್ಲವಾದ್ದರಿಂದ ಅವಳು ಅವನನ್ನೇ ನಂಬುತ್ತಾಳೆ, ಪ್ರೊಫೆಸರ್ ಬಾಯಿ ಮುಚ್ಚಿಕೊಳ್ಳುತ್ತಾರೆ.

"ಮೊದ್ಲು ಅದನ್ನ ನನ್ನ ಗೊಂಬೆಗಳ ಹತ್ರದಿಂದ ತೆಗೀರಿ," ಎಂದಳು ಮೈಥಿಲಿ. "ಆರತಿ ಗೀರತಿ ಆಮೇಲೆ. ಆಂಟಿ, ನೀವೇ ತೆಗೀರಿ. ನೀವು ಹೇಗೂ ನೆಕ್ಕಿದ್ದೀರ."

ಕೈ ತೊಳೆದುಕೊಂಡು ಬಂದೆ. ಎರಡೂ ಕೈಯಲ್ಲಿ ದವಡೆಯನ್ನು ಎತ್ತಿಕೊಂಡೆ. ಎಷ್ಟು ತೂಕ! ಕಲ್ಲಾಗುವ ದಾರಿಯಲ್ಲಿದ್ದ ಮೂಳೆ. ಪರ್ಸಿನಿಂದ ನನ್ನ ಭೂತಗನ್ನಡಿ ತೆಗೆದು ಕಿಟಕಿಯ ಬಳಿ ಹೋದೆ. ಒಬ್ಬ ಹೊಸ ರೋಗಿ ಬಂದಂತೆ ನನಗೆ ಉಲ್ಲಾಸವಾಗಿತ್ತು.

"ಇಲ್ಲಿ ನೋಡ್ರಿ, ಹಲ್ಲಿನ ಸಂದ್ಯಾಗ ಗೀರು! ಊಟ ಆದ ಮ್ಯಾಲ ಕಡ್ಡಿ ಹಾಕಿ ಹಲ್ಲು ಕೆದರಿಕೊಳ್ಳಾಂವ. ನಿಮ್ಮ ಹಂಗ," ಎಂದು ಬಸವಂತಪ್ಪನವರಿಗೆ ತೋರಿಸಿದೆ. "ಈ ಬೇರಿನ ಕೆಳಗ ಕೀವು ಆಗಿತ್ತು. ಪಾಪ, ಎಷ್ಟು ನೋವು ತಿಂದಾನೋ."

ದವಡೆಯನ್ನು ತಿರುಗಿಸಿ ಒಳಮಗ್ಗುಲು ನೋಡಿದೆ. ನಾಲಿಗೆ ತಾಕುವ ಕಡೆ, ಎರಡನೆಯ ದವಡೆಹಲ್ಲಿನ ಮೇಲೆ ಒಂದು ಬಿಳಿ ಚುಕ್ಕೆ. ಸಾಸಿವೆ ಕಾಳಿನಷ್ಟು. ಸುತ್ತಲಿನ ಹಲ್ಲು ಕಂದು, ಇದು ಮಾತ್ರ ಹಾಲುಬಿಳಿ.

ಹೇರ್‌ಪಿನ್ನಿನ ತುದಿಯಿಂದ ಕೆರೆದೆ. ಮೆತ್ತಗಿತ್ತು. ಚೂರು ಎದ್ದು ಬಂತು, ಅದರ ಹಿಂದೆ ದುಂಡನೆಯ ತೂತು ಕಂಡಿತು.

"ಮುರಳೀಧರ, ಇದರಾಗ ತೂತು ಐತಿ."

"ಚಾನ್ಸೇ ಇಲ್ಲ," ಎಂದು ಓಡಿ ಬಂದ. ಭೂತಗನ್ನಡಿಯಲ್ಲಿ ನೋಡಿದ. "ಇರ್ಲಿಲ್ಲ ಡಾಕ್ಟ್ರೇ! ಸೋಮವಾರ ಡಬ್ಬಿಗೆ ಹಾಕೋ ಮುಂಚೆ ಒಂದೊಂದು ಹಲ್ಲೂ ನೋಡಿದ್ದೀನಿ. ಇರ್ಲಿಲ್ಲ!"

"ಹಂಗಾದ್ರ ಇಲ್ಲಿಗೆ ಬಂದ ಮ್ಯಾಲ ಆಗೇತಿ. ಈ ಮನ್ಯಾಗ."

ಪ್ಲಾನು ಮುರಿದು ಬಿದ್ದಿತ್ತು. ಗೀರಿಲ್ಲದ ದವಡೆಯಾದರೆ ಅವನು ಕಾಪಾಡಿದವನು. ತೂತು ಬಿದ್ದ ದವಡೆಯಾದರೆ, ಮನೆಗೆ ಕದ್ದೊಯ್ದು ಕೊರೆದ ಕಳ್ಳ.

ನಾನು ಇನ್ನೊಮ್ಮೆ ನೋಡಿದೆ. ಡಿಎನ್ಎಗಾಗಿ ಕೊರೆದವನು ಪುಡಿ ತೆಗೆದುಕೊಂಡು ತೂತನ್ನು ಹಾಗೆಯೇ ಬಿಟ್ಟು ಹೋಗಬೇಕಿತ್ತು. ಐವತ್ತು ಸಾವಿರ ವರ್ಷದ ಹಿಂದೆ ಸತ್ತವನಿಗೆ ಇನ್ನೇನು ಹುಳುಕು ಹಿಡಿಯುತ್ತದೆ? ಆದರೆ ಇವನು ತೂತನ್ನು ಒಣಗಿಸಿ, ಸಿಮೆಂಟ್ ತುಂಬಿ, ಮೇಲೆ ನಯ ಮಾಡಿದ್ದಾನೆ. ಕೊರೆದ ಹಲ್ಲನ್ನು ತುಂಬದೆ ಬಿಡಲು ಕೈ ಬಾರದವರು ಲೋಕದಲ್ಲಿ ಒಂದೇ ಜಾತಿಯವರು.

ಚೂರನ್ನು ಮೂಗಿನ ಹತ್ತಿರ ಹಿಡಿದೆ. ಲವಂಗದ ಎಣ್ಣೆಯ ವಾಸನೆ.

"ಇದು ಹಲ್ಲಿನ ಡಾಕ್ಟರ್ ಮಾಡಿದ್ದು," ಎಂದೆ. ತಡೆಯಲಾಗಲಿಲ್ಲ, ಎಂದುಬಿಟ್ಟೆ. "ಟೆಂಪರರಿ ಸಿಮೆಂಟ್. ನಾನೂ ಇದನ್ನ ಬಳಸ್ತೇನಿ."

ಆ ಮಾತು ಮುಗಿದ ಮೇಲೆ ಕೋಣೆಯಲ್ಲಿ ಎಲ್ಲರೂ ನನ್ನನ್ನು ಬೇರೆ ರೀತಿ ನೋಡುತ್ತಿದ್ದಾರೆ ಎಂದು ನನಗೆ ತಿಳಿಯಿತು.

"ನಮ್ಮ ಕೂಟದಲ್ಲಿ ಹಲ್ಲಿನ ಡಾಕ್ಟ್ರು ಅಂದ್ರೆ ನೀವೊಬ್ರೇ ಅಲ್ವಾ ಆಂಟಿ?" ಎಂದ ತ್ಯಾಗರಾಜ. ಅವನ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಸುಮ್ಮನೆ ಕೇಳಿದ.

"ಏ, ಹುಚ್ಚಪ್ಪ!" ಎಂದರು ಬಸವಂತಪ್ಪ.

"ಬುಧವಾರ ನೀವು ಕುಂಕುಮಕ್ಕೆ ಬಂದಿದ್ರಿ," ಎಂದಳು ಮೈಥಿಲಿ ನಿಧಾನವಾಗಿ. "ನಮ್ಮತ್ತೆ ಫೋನ್ ಬಂತು ಅಂತ ನಾನು ಮೇಲೆ ಹೋದೆ. ತುಂಬಾ ಹೊತ್ತು ಮಾತಾಡಿದ್ರು. ಆಗ ಇಲ್ಲಿ ನೀವೊಬ್ರೇ ಇದ್ರಿ."

"ಹೌದು, ಇದ್ದೆ. ಉಸಳಿ ತಿಂತಿದ್ದೆ! ಮೈಥಿಲಿ, ನಾ ಯಾಕ..."

ಬಾಗಿಲ ಗಂಟೆ ಬಡಿಯಿತು. ತ್ಯಾಗರಾಜನೇ ಹೋಗಿ ತೆಗೆದ.

ಹೊಸ್ತಿಲಲ್ಲಿ ಪ್ರೊಫೆಸರ್ ಹಾಲಿಸ್ ನಿಂತಿದ್ದರು. ಕೈಯಲ್ಲಿ ಹೂಗುಚ್ಛ. ಅವರ ಹಿಂದೆ ಬೂದು ಕೋಟಿನ ಒಬ್ಬ ಹೆಂಗಸು.

"ಡಾಲ್ಸ್ ನೋಡಲು ಬನ್ನಿ ಎಂದು ಮೈಥಿಲಿ ಕರೆದಿದ್ದಳು," ಎಂದು ಪ್ರೊಫೆಸರ್ ಇಂಗ್ಲಿಷಿನಲ್ಲಿ ನಗುತ್ತ ಹೇಳಿದರು. "ಇವರು ವಾಷಿಂಗ್ಟನ್ನಿನ ಮ್ಯೂಸಿಯಮ್ಮಿನವರು, ಹೇಳಿದ್ದಕ್ಕಿಂತ ಎರಡು ದಿನ ಮುಂಚೆಯೇ ಬಂದರು. ಜೊತೆಗೆ ಕರೆತಂದೆ."

ಹೆಂಗಸಿನ ಕಣ್ಣು ನೇರವಾಗಿ ನನ್ನ ಕೈಗೆ ಬಂದು ನಿಂತಿತು. ಅವಳು ಎರಡೇ ಹೆಜ್ಜೆಯಲ್ಲಿ ಒಳಗೆ ಬಂದಳು. ದವಡೆಯನ್ನು ನೋಡಿದಳು, ಕುಂಕುಮ ನೋಡಿದಳು, ತೂತು ನೋಡಿದಳು. ಮುಖದ ಬಣ್ಣವೇ ಹೋಯಿತು.

"ಇದು ಯಾರ ಹತ್ತಿರ ಇತ್ತು?" ಎಂದು ಕೇಳಿದಳು.

ಮುರಳೀಧರ ಬಾಯಿ ತೆರೆದ. ನಿಜ ಹೇಳಲು ಹೊರಟಿದ್ದ, ಅದು ಅವನ ಮುಖದಲ್ಲೇ ಕಾಣುತ್ತಿತ್ತು. ಮೈಥಿಲಿ ಅವನ ಮುಂಗೈ ಗಟ್ಟಿಯಾಗಿ ಹಿಡಿದಳು. ಅವನನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು.

"ಇವ್ರ ಹತ್ರ," ಎಂದು ನನ್ನ ಕಡೆ ಬೆರಳು ತೋರಿಸಿದಳು. "ಡಾಕ್ಟರ್ ಮಹಾದೇವಕ್ಕ ಹತ್ರ ಇತ್ತು."